ನಟ್ಟು ಸರಿ ಇತ್ತು

ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಿದ್ದರು, "ಪುಣೆದಾಗ ಏನ್ ಕೆಲಸ ಮಾಡ್ತಿಯೋ?" "ನಟ್ಟು ಬಿಗಿ ಮಾಡ್ತೀನಿ" ಅಂದರೆ ಕಟ್ಟೆಯ ಮೇಲೆ ಕೂತವರೆಲ್ಲ ನಗುತ್ತಿದ್ದರು. "ಅದಕ್ಕ ಅಷ್ಟು ದೂರ ಹೋಗ್ಬೇಕಿತ್ತೇನು? ನಮ್ಮ ಟ್ರ್ಯಾಕ್ಟರ್ ನಟ್ಟು ನಾವ ಬಿಗಿ ಮಾಡ್ಕೋತೀವಿ." ನಾನೂ ಅವರ ಜೊತೆ ನಗುತ್ತಿದ್ದೆ. ಧಾರವಾಡ ಜಿಲ್ಲೆಯ ಹಳ್ಳಿಯವನು ನಾನು. ಐಟಿಐ ಮುಗಿಸಿ 1994ರಲ್ಲಿ ಪಿಂಪರಿ-ಚಿಂಚವಡಕ್ಕೆ ಬಂದೆ. ನಟ್ಟು ಬಿಗಿ ಮಾಡುವುದರಲ್ಲಿ ಕಲಿಯಲಿಕ್ಕೆ ಏನಿದೆ ಅಂತ ನನಗೂ ಆಗ ಅನಿಸಿತ್ತು.

ಕಾರ್ಖಾನೆಯಲ್ಲಿ ನನ್ನ ಕೈಗೆ ಕೊಟ್ಟದ್ದು ಟಾರ್ಕ್ ರೆಂಚ್. ನೋಡಲಿಕ್ಕೆ ಮೊಳದುದ್ದದ ಪಾನಾ, ಒಳಗೆ ಒಂದು ಸ್ಪ್ರಿಂಗ್. ಹಿಡಿಕೆ ತಿರುಗಿಸಿ 110ಕ್ಕೆ ಇಟ್ಟರೆ, ತಿರುಚುವ ಬಲ 110 ನ್ಯೂಟನ್ ಮೀಟರ್ ಮುಟ್ಟಿದ ಕೂಡಲೇ 'ಕಟ್' ಅನ್ನುತ್ತದೆ. ಒಂದು ಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 11 ಕೆಜಿ ತೂಗುಹಾಕಿದಷ್ಟು ಬಲ ಅದು. 'ಕಟ್' ಅಂದಮೇಲೆ ನಿಲ್ಲಿಸಬೇಕು. ಇರಲಿ ಅಂತ ಇನ್ನೊಂದು ಸಲ ಎಳೆದರೆ ನಟ್ಟು ಅಳತೆ ಮೀರಿ ಬಿಗಿಯಾಗುತ್ತದೆ.

ನಮ್ಮ ಫೋರ್‌ಮನ್ ಸೊಲ್ಲಾಪುರದ ಕಡೆಯವರು. ಮನೆಮಾತು ಕನ್ನಡ, ಓದಿದ್ದು ಮರಾಠಿ. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು. ಮೊದಲ ವಾರವೇ ಅವರು ನನಗೆ ಸಾದಾ ಪಾನಾ ಕೊಟ್ಟು, "ಕೈ ಅಂದಾಜಿನ ಮ್ಯಾಲ 110 ಮಾಡು, ನೋಡೋಣ" ಅಂದರು. ಅಳೆದು ನೋಡಿದರೆ 140 ದಾಟಿತ್ತು. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಮತ್ತೆ ಮಾಡಿಸಿದರು. ಆಗ 90 ಕೂಡ ಇರಲಿಲ್ಲ. ಎರಡೂ ಸಲ ನನಗೆ ಕೈ ಹೇಳಿದ್ದು ಒಂದೇ, "ಸರಿ ಆತು" ಅಂತ. "ನಿನ್ನ ಕೈ ಸುಳ್ಳು ಹೇಳೋದಿಲ್ಲ ತಮ್ಮಾ, ಅದಕ್ಕ ಗೊತ್ತ ಇಲ್ಲ" ಅಂದರು ಕಾಕಾ.

ಸಡಿಲ ಇದ್ದರೆ ಗಾಲಿ ಕಳಚುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅತಿ ಬಿಗಿಯೂ ಅಷ್ಟೇ ಕೆಟ್ಟದ್ದು ಅಂತ ನನಗೆ ಅಲ್ಲಿಯೇ ತಿಳಿದದ್ದು. ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮೊದಲಿನಂತಾಗಲು ಹವಣಿಸುವ ಆ ಎಳೆತವೇ ಗಾಲಿಯನ್ನು ಹಿಡಿದಿಡುತ್ತದೆ. ಮಿತಿ ಮೀರಿ ಎಳೆದರೆ ಅದು ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಇನ್ನೂ ಒಂದು ಮಾತಿದೆ. ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಬೋಲ್ಟಿಗೆ ಸಿಗುವುದು ಒಂದು ಪಾಲು. ಹೀಗಾಗಿ ಒಣ ಮರೆಗೆ ಹೇಳಿದ ಅಳತೆಯನ್ನು ಎಣ್ಣೆ ಹಚ್ಚಿದ ಮರೆಗೆ ಹಾಕಿದರೆ, 'ಕಟ್' ಅದೇ ಬರುತ್ತದೆ, ಬೋಲ್ಟು ಮಾತ್ರ ಎಷ್ಟೋ ಹೆಚ್ಚು ಎಳೆದಿರುತ್ತದೆ. ರೆಂಚು ತನಗೆ ತಾಗಿದ್ದನ್ನಷ್ಟೇ ಹೇಳುತ್ತದೆ. ಮರೆ ಒರೆಸಿ ಚೊಕ್ಕ ಇಡುವುದು ನಮ್ಮ ಕೆಲಸ.

ರೆಂಚಿಗೂ ಅದರದೇ ಆದ ನೇಮಗಳಿದ್ದವು. ಅದರಿಂದ ನಟ್ಟು ಬಿಚ್ಚಬಾರದು. ಹಿಡಿಕೆಯ ನಡುವೆ ಹಿಡಿದು, ಜಗ್ಗಾಡದೆ ಒಂದೇ ಹದದಲ್ಲಿ ಎಳೆಯಬೇಕು. ಕೆಲಸ ಮುಗಿದ ಮೇಲೆ ಅಳತೆಯನ್ನು ಎಲ್ಲಕ್ಕಿಂತ ಕೆಳಗಿನ ಗೆರೆಗೆ ಇಳಿಸಿಡಬೇಕು, ಇಲ್ಲದಿದ್ದರೆ ಒತ್ತಿಕೊಂಡೇ ಇದ್ದ ಸ್ಪ್ರಿಂಗ್ ಕ್ರಮೇಣ ಸೋಲುತ್ತದೆ. ಆ ಗೆರೆಗಿಂತಲೂ ಕೆಳಗೆ ಬಿಚ್ಚಬಾರದು. ವರ್ಷಕ್ಕೊಮ್ಮೆ, ಇಲ್ಲವೇ 5000 ಸಲ ಎಳೆದ ಮೇಲೆ, ಯಾವುದು ಮೊದಲೋ ಆಗ, ಕ್ಯಾಲಿಬ್ರೇಶನ್ ಮಾಡಿಸಬೇಕು. ಮತ್ತೆ, ಕೆಳಗೆ ಬಿದ್ದರೆ ಪರೀಕ್ಷೆ ಆಗುವ ತನಕ ಮುಟ್ಟಬಾರದು.

1997ರ ಒಂದು ತಿಂಗಳ ಕೊನೆಯ ದಿನ ನನ್ನ ರೆಂಚು ಕೈಜಾರಿ ಕಾಂಕ್ರೀಟ್ ನೆಲಕ್ಕೆ ಬಿತ್ತು. ಯಾರೂ ನೋಡಲಿಲ್ಲ. ಪಾಳಿ ಮುಗಿಯಲು ಮೂರು ತಾಸು ಇತ್ತು, ಲೈನು ನಿಲ್ಲಿಸಿದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಎತ್ತಿ ಒರೆಸಿದೆ, ಒಂದು ನಟ್ಟಿನ ಮೇಲೆ ಎಳೆದೆ. 'ಕಟ್' ಅಂತು. ಅನ್ನುತ್ತದೆಯಲ್ಲ ಅಂತ ಮುಂದುವರಿಸಿದೆ. ಒಂದು ಬದಿಯ ಎರಡು ಗಾಲಿ, ಗಾಲಿಗೆ ಐದು ನಟ್ಟು, ಇಪ್ಪತ್ಮೂರು ಗಾಡಿ. ಪ್ರತಿ ನಟ್ಟಿಗೂ 'ನೋಡಿದ್ದೇನೆ' ಅನ್ನುವ ಗುರುತಿಗೆ ಬಣ್ಣದ ಗೆರೆ ಹಾಕುವುದಿತ್ತು. 230 ಗೆರೆ ಎಳೆದೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರವೇ ಕಾಕಾ ಅವರನ್ನು ಹಿಡಿದು ಹೇಳಿಬಿಟ್ಟೆ. ಗಾಡಿಗಳು ಇನ್ನೂ ಅಂಗಳದಲ್ಲೇ ನಿಂತಿದ್ದವು. ಅವರು ಮಾತಾಡದೆ ರೆಂಚನ್ನು ಟೂಲ್ ರೂಮಿಗೆ ಒಯ್ದು ಪರೀಕ್ಷೆಯ ಯಂತ್ರಕ್ಕೆ ಹಾಕಿದರು. 110ಕ್ಕೆ ಇಟ್ಟಿದ್ದು 107, 108, ಮತ್ತೆ 107 ತೋರಿಸಿತು. ನಾಲ್ಕು ಪರ್ಸೆಂಟ್ ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ ಎಲ್ಲ ಸರಿ ಇತ್ತು. ನನಗೆ ಹೋದ ಜೀವ ಬಂತು. "ಅಂದರ ಏನೂ ತಪ್ಪಾಗಿಲ್ಲಲ್ರೀ ಕಾಕಾ" ಅಂದೆ. ಅವರು ರೆಂಚನ್ನು ಪೆಟ್ಟಿಗೆಯಲ್ಲಿ ಇಡುತ್ತ, "ನಟ್ಟು ಸರಿ ಅದಾವ. ನೀ ಸರಿ ಇದ್ದಿಲ್ಲ" ಅಂದು ಹೊರಟುಹೋದರು.

ಈ ಮಾತು ನನಗೆ ಬಹಳ ದಿನ ನುಂಗಲಾಗಲಿಲ್ಲ. ಯಾರಿಗೂ ಕೂದಲು ಕೊಂಕಿಲ್ಲ, ಮತ್ತೆ ತಪ್ಪು ಎಲ್ಲಿಂದ ಬಂತು? ರೆಂಚು 80 ತೋರಿಸಿದ್ದರೆ ನಾನು ಪಾಪಿ, 107 ತೋರಿಸಿದ್ದಕ್ಕೆ ಪುಣ್ಯವಂತ ಅನ್ನೋಣವೇ? ನಾನು ಮಾಡಿದ್ದು ಎರಡರಲ್ಲೂ ಒಂದೇ ಅಲ್ಲವೇ? ಫಲ ನೋಡಿ ತೀರ್ಪು ಕೊಡುವುದಾದರೆ, ನನ್ನ ಗುಣವನ್ನು ಒಂದು ಸ್ಪ್ರಿಂಗಿನ ಅದೃಷ್ಟಕ್ಕೆ ಬಿಟ್ಟ ಹಾಗಾಯಿತು.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಕೇಳಿಸಿಕೊಂಡು ತಮ್ಮದೊಂದು ಕಥೆ ಹೇಳಿದರು. ಕಬ್ಬಿಣದ ತೂಕದ ಕಲ್ಲುಗಳ ಅಡಿಯಲ್ಲಿ ಸಣ್ಣ ಕುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿ ಸರ್ಕಾರಿ ಮುದ್ರೆ ಒತ್ತಿರುತ್ತಾರೆ. ಅಪ್ಪನ ಒಂದು ಕಿಲೋ ಕಲ್ಲಿನ ಸೀಸ ಯಾವಾಗಲೋ ಉದುರಿಹೋಗಿತ್ತು. ಮುದ್ರೆ ಹಾಕಲು ಬಂದ ಇನ್‌ಸ್ಪೆಕ್ಟರ್ ತೋರಿಸುವ ತನಕ ಅವರಿಗೆ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಕಡಿಮೆ ತೂಗಿದ್ದರೋ. "ಗೊತ್ತಿಲ್ದ ಆಗಿದ್ದು, ನಂದೇನು ತಪ್ಪಪಾ? ಆದ್ರ ಮಂದಿ ಸಕ್ರಿ ನನ್ನ ಮನ್ಯಾಗ ಉಳದಿತ್ತಲ್ಲ." ಮುಂದೆ ಒಂದು ವರ್ಷ ಬಂದವರಿಗೆಲ್ಲ ಒಂದೊಂದು ಹಿಡಿ ಕೊಸರು ಹಾಕಿ ಕೊಟ್ಟರಂತೆ, ಯಾಕೆ ಅಂತ ಯಾರಿಗೂ ಹೇಳದೆ.

ಅಪ್ಪನ ತೂಕ ತಪ್ಪಿತ್ತು, ಅಪ್ಪ ತಪ್ಪಿರಲಿಲ್ಲ. ನನ್ನ ಅಳತೆ ಸರಿ ಇತ್ತು, ನಾನು ತಪ್ಪಿದ್ದೆ. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಕಾಕಾ ಅವರ ಮಾತು ತಿಳಿಯಿತು. ಅಳತೆ ಯಾರದಾದರೂ ಜಾರುತ್ತದೆ. ಅದು ಜಾರಿರಬಹುದು ಅಂತ ಗೊತ್ತಿದ್ದೂ ಪರೀಕ್ಷೆಗೆ ಕೊಡದೆ 'ನೋಡಿದ್ದೇನೆ' ಅಂತ ಗೆರೆ ಎಳೆಯುವುದೇ ತಪ್ಪು. ಆ 230 ಗೆರೆಗಳೂ ಸುಳ್ಳು, ಅವುಗಳ ಕೆಳಗಿನ ನಟ್ಟು ಎಷ್ಟೇ ಸರಿ ಇದ್ದರೂ.

ಪರಊರಿನಲ್ಲಿ ಇರುವವರಿಗೆ ಇದು ಇನ್ನಷ್ಟು ತಾಗುವ ಮಾತು. ಅದೇ ದೀಪಾವಳಿಯಲ್ಲಿ ಅವ್ವ ಏನೋ ಕೇಳಿದಾಗ "ಹೋ" ಅಂದೆ. ಮರಾಠಿಯಲ್ಲಿ ಹೌದು ಅನ್ನುವುದಕ್ಕೆ ಹಾಗೆ ಅನ್ನುತ್ತಾರೆ. ಅವ್ವ ಒಲೆಯ ಮುಂದಿನಿಂದ ತಿರುಗಿ, "ಇದ್ಯಾವ ಹೋ? ನಾ ಏನ್ ಎತ್ತೇನು, ನಿಲ್ಲಾಕ?" ಅಂದಳು. ಮೂರು ವರ್ಷದಿಂದ ನನ್ನ ಬಾಯಲ್ಲಿ ಅದು ಸೇರಿಕೊಂಡದ್ದು ನನಗೆ ಕೇಳಿಸಿಯೇ ಇರಲಿಲ್ಲ. ಮಾತು ಬದಲಾದರೆ ಕೇಡೇನಿಲ್ಲ. ಆದರೆ ಮಾತಿನ ಹಾಗೆಯೇ ಬೇರೆಯದೂ ಜಾರುತ್ತದೆ. ಊರಲ್ಲಿ ಸುಳ್ಳು ಹೇಳಿದರೆ ಸಂಜೆಯೊಳಗೆ ಅಪ್ಪನ ಅಂಗಡಿಗೆ ಸುದ್ದಿ ಮುಟ್ಟುತ್ತಿತ್ತು. ಪುಣೆಯಲ್ಲಿ ನನ್ನ ಹಳೆಯ ಅಳತೆ ಬಲ್ಲವರು ಯಾರಿದ್ದಾರೆ? ಅಲ್ಲಿ ಸಿಗುವ ಸ್ವಾತಂತ್ರ್ಯ ಇದೇ, ಅಪಾಯವೂ ಇದೇ.

ಹಾಗಂತ ಊರೇ ಎಂದೂ ತಪ್ಪದ ಅಳತೆಗೋಲು ಅಂತಲೂ ಅಲ್ಲ, ಅವ್ವನ ಮಾತಿನಲ್ಲೂ ಟಿವಿಯ ಶಬ್ದಗಳು ಬಂದಿದ್ದವು. ನಮ್ಮ ರೆಂಚನ್ನು ಟೂಲ್ ರೂಮಿನ ಯಂತ್ರ ಪರೀಕ್ಷಿಸುತ್ತದೆ, ಆ ಯಂತ್ರವನ್ನು ಮಾನ್ಯತೆ ಪಡೆದ ಪ್ರಯೋಗಾಲಯ. ಹೀಗೇ ಮೇಲೆ ಹೋದರೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದಕ್ಕೂ ಮೇಲೆ ಪ್ಯಾರಿಸ್ ಹತ್ತಿರ ಗಾಜಿನ ಗಂಟೆಯೊಳಗೆ ಇಟ್ಟಿದ್ದ ಒಂದು ಲೋಹದ ಕಿಲೋ. ಕಾಲ ಕಳೆದಂತೆ ಅದರ ತೂಕಕ್ಕೂ ಅದರ ಪ್ರತಿಗಳ ತೂಕಕ್ಕೂ ಒಂದಿಷ್ಟು ಅಂತರ ಬಿದ್ದದ್ದು ಕಂಡಿತ್ತು. 2019ರ ಮೇ 20ರಿಂದ ಅದನ್ನೂ ಕೆಳಗಿಳಿಸಿ, ಪ್ರಕೃತಿಯ ಒಂದು ಸ್ಥಿರಾಂಕದಿಂದ ಕಿಲೋವನ್ನು ಹೇಳುತ್ತಾರೆ. ಲೋಕಕ್ಕೆಲ್ಲ ಅಳತೆಯಾಗಿದ್ದ ಕಿಲೋವನ್ನೇ ಹೋಲಿಸಿ ನೋಡಬೇಕಾಯಿತು, ನನ್ನದೇನು ದೊಡ್ಡದು?

ಕಾಕಾ ಈಗಿಲ್ಲ. ಅಪ್ಪ, ಅವ್ವ ಇಬ್ಬರೂ ಹೋದರು. ಊರಲ್ಲಿ ತಂಗಿ ಇದ್ದಾಳೆ. ಹೋದ ಸಲ ಅವಳಿಗೆ, "ನಾ ಎಲ್ಲರೆ ತಪ್ಪಿದೆ ಅನಿಸಿದ್ರ ಮುಲಾಜಿಲ್ದ ಹೇಳವಾ" ಅಂದೆ. ಅವಳು ನಕ್ಕು, "ಹೇಳಿದ್ರ ಸಿಟ್ಟಾಗೂದಿಲ್ಲೇನಣ್ಣಾ?" ಅಂದಳು. "ಆಗ್ತೀನಿ, ಆದ್ರೂ ಹೇಳು" ಅಂದೆ.