ಹಗುರವಾದ ಗಾಳ ಯಾರಿಗೆ ಹಗುರ?

ಫ್ಲೈ ಫಿಶಿಂಗ್‌ಗೆಂದು ಹೊಸ ಗಾಳದ ಕೋಲು ಕೊಳ್ಳುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೋಲಿಸಿ ನೋಡುತ್ತಾರೆ: ಉದ್ದ, ತೂಕ, ಬೆಲೆ. ಇಂಗ್ಲೆಂಡ್ ಮತ್ತು ಅಮೆರಿಕದ ಹೊಳೆಗಳಲ್ಲಿ ಬೆಳೆದುಬಂದ ಈ ಆಟದಲ್ಲಿ ತೂಕದ ಬೆನ್ನಿಗೇ ಇನ್ನೊಂದು ಮಾತೂ ಅಂಟಿಕೊಂಡು ಬರುತ್ತದೆ. ಕೋಲು ಹಗುರವಾದಷ್ಟೂ ಮೀನಿಗೆ ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚು, ಹಾಗಾಗಿ ಹಗುರ ಕೋಲು ಹಿಡಿದವನು ಮೀನಿಗೆ ಹೆಚ್ಚು ನ್ಯಾಯ ಮಾಡುತ್ತಾನೆ ಎನ್ನುವ ಮಾತು ಅದು. ಮೇಲ್ನೋಟಕ್ಕೆ ಇದು ಒಪ್ಪುವಂಥದ್ದೇ. ಬಲ ಇದ್ದವನು ತನ್ನ ಬಲವನ್ನು ತಾನೇ ಕಡಿಮೆ ಮಾಡಿಕೊಂಡರೆ ನಮಗೆ ಅವನ ಮೇಲೆ ಗೌರವ ಹುಟ್ಟುತ್ತದೆ. ಆದರೆ ಆಯುಧವನ್ನು ದುರ್ಬಲಗೊಳಿಸಿಕೊಳ್ಳುವುದೂ ಎದುರಿಗಿರುವ ಜೀವಕ್ಕೆ ನ್ಯಾಯ ಮಾಡುವುದೂ ಒಂದೇ ಏನು?

ಮೊದಲು ಈ ಕೋಲು ಕೆಲಸ ಮಾಡುವ ರೀತಿ ನೋಡೋಣ. ನಮ್ಮ ಕೆರೆ ದಂಡೆಯಲ್ಲಿ ಎರೆಹುಳು ಚುಚ್ಚಿ ಕೂರುವವರ ಗಾಳದಲ್ಲಿ ಕೊಕ್ಕೆಗೂ ಅದರ ಜೊತೆಗಿನ ಸೀಸದ ಗುಂಡಿಗೂ ತೂಕವಿರುತ್ತದೆ. ಬೀಸಿದಾಗ ಆ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುವುಮುರುವು. ಕೊಕ್ಕೆಯ ಮೇಲೆ ಗರಿ, ತುಪ್ಪಳ, ನೂಲು ಸುತ್ತಿ ನೀರಿನ ಹುಳುವನ್ನು ಹೋಲುವ ನೊಣ ಮಾಡಿರುತ್ತಾರೆ. ಅದಕ್ಕೆ ಹೆಚ್ಚುಕಮ್ಮಿ ತೂಕವೇ ಇಲ್ಲ. ಹಾಗಾಗಿ ದಾರಕ್ಕೇ ತೂಕ ಕೊಟ್ಟಿರುತ್ತಾರೆ. ಕೋಲು ಬಾಗಿ ನೆಟ್ಟಗಾಗುವಾಗ ಆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಅಂಗಡಿಯಲ್ಲಿ ಕೋಲಿನ ಮೇಲೆ 3, 5, 8 ಎಂದು ಬರೆದಿರುವ ಸಂಖ್ಯೆಗಳು ಹೇಳುವುದು ಕೋಲಿನ ತೂಕವನ್ನಲ್ಲ, ಅದು ಬೀಸಬೇಕಾದ ದಾರದ ತೂಕವನ್ನು. 3ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು ಆರೂವರೆ ಗ್ರಾಂ ತೂಗಿದರೆ, 5ನೇ ನಂಬರಿನದು ಸುಮಾರು 9 ಗ್ರಾಂ. ಎರಡೂವರೆ ಗ್ರಾಂನ ವ್ಯತ್ಯಾಸ. ಆದರೆ ಇಷ್ಟರಿಂದಲೇ ಕೋಲಿನ ಸ್ವಭಾವ ಬದಲಾಗುತ್ತದೆ. 3ರ ಕೋಲು ಅಂಗೈ ಅಗಲದ ಮೀನಿಗೂ ಬಿಲ್ಲಿನಂತೆ ಬಾಗುತ್ತದೆ. 8ರ ಕೋಲಿಗೆ ಅಂಥ ಮೀನು ಸಿಕ್ಕಿದ್ದೇ ತಿಳಿಯದಿರಬಹುದು.

ಕೈಗೆ ತಾಗುವ ತೂಕದ ಕಥೆ ಬೇರೆ. ಹಿಂದಿನ ಕೋಲುಗಳು ಗಟ್ಟಿ ಮರದವು, ಉದ್ದ, ಭಾರ. 19ನೇ ಶತಮಾನದ ಕೊನೆಯ ಹೊತ್ತಿಗೆ ಬಿದಿರನ್ನು ಆರು ಸೀಳುಗಳಾಗಿ ಹೆರೆದು ಅಂಟಿಸುವ ಕಲೆ ಅಮೆರಿಕದಲ್ಲಿ ಪಳಗಿತು. ಅದಕ್ಕೆ ಮುಂದೆ ಶ್ರೇಷ್ಠವೆನಿಸಿಕೊಂಡದ್ದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಟಾಂಕಿನ್ ಬಿದಿರು. 1950ರಲ್ಲಿ ಅಮೆರಿಕ ಚೀನಾದ ಜೊತೆಗಿನ ವ್ಯಾಪಾರ ನಿಲ್ಲಿಸಿದಾಗ ಆ ಬಿದಿರು ಬರುವುದೂ ನಿಂತಿತು, ಫೈಬರ್‌ಗ್ಲಾಸ್ ಅದರ ಜಾಗ ಹಿಡಿಯಿತು. 1970ರ ದಶಕದಲ್ಲಿ ಗ್ರಾಫೈಟ್ ಬಂತು. ಇವತ್ತು 9 ಅಡಿ ಉದ್ದದ, 5ನೇ ನಂಬರಿನ ಒಳ್ಳೆಯ ಗ್ರಾಫೈಟ್ ಕೋಲು 80 ಗ್ರಾಂನ ಆಸುಪಾಸಿನಲ್ಲಿದೆ. ಒಂದು ನಿಂಬೆಹಣ್ಣಿನ ತೂಕ ಅಷ್ಟೆ. ದಿನವಿಡೀ ಸಾವಿರ ಸಲ ಬೀಸಬೇಕಾದ ತೋಳಿಗೆ ಇದು ನಿಜವಾದ ಉಪಕಾರ. ಈ ಅರ್ಥದ ಹಗುರದ ಮೇಲೆ ಯಾರ ತಕರಾರೂ ಇರಲಾರದು.

ತಕರಾರು ಇರುವುದು ಇನ್ನೊಂದು ಅರ್ಥದ ಹಗುರದ ಮೇಲೆ, ಬಲವನ್ನು ಬೇಕೆಂದೇ ಕಡಿಮೆ ಇಟ್ಟ ಕೋಲಿನ ಮೇಲೆ. ಅದರ ಹೆಸರಾಂತ ಪ್ರಚಾರಕ ಅಮೆರಿಕದ ಲೀ ವುಲ್ಫ್. ಕೆನಡಾದ ನದಿಗಳ ದೊಡ್ಡ ಸಾಲ್ಮನ್ ಮೀನುಗಳನ್ನು ಅವನು ಆರಡಿಯ, ಸುಮಾರು 50 ಗ್ರಾಂನ ಬಿದಿರು ಕೋಲಿನಿಂದ ಹಿಡಿದು ತೋರಿಸಿದ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಬೇಕು, ಅದು ಒಂದೇ ಸಲ ಹಿಡಿದು ಮುಗಿಸುವ ಸರಕಲ್ಲ ಎಂದು 1939ರಷ್ಟು ಹಿಂದೆಯೇ ಬರೆದವನೂ ಅವನೇ. ಒಂದೇ ಮನುಷ್ಯನಲ್ಲಿ ಈ ಎರಡು ವಿಚಾರಗಳು ಜೊತೆಯಾಗಿ ನಿಂತವು. ಎರಡೂ ಸಂಯಮದ ಮಾತುಗಳೇ ಆದ್ದರಿಂದ ಒಂದಕ್ಕೊಂದು ಪೂರಕವೆಂದು ಅನೇಕರು ನಂಬಿದರು. ನನಗೆ ಅವು ಒಂದನ್ನೊಂದು ಎಳೆದಾಡುವಂತೆ ಕಾಣುತ್ತವೆ.

ಕೊಕ್ಕೆ ಸಿಕ್ಕಿದ ಮೇಲೆ ನೀರಿನೊಳಗೆ ನಡೆಯುವುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಗಾಳದ ಕೋಲು ಒಂದು ಸನ್ನೆಗೋಲು, ಆದರೆ ಅದರ ಉದ್ದನೆಯ ಕಡೆ ಮೀನಿಗೆ, ಗಿಡ್ಡ ಕಡೆ ನಮ್ಮ ಕೈಗೆ. ಹಾಗಾಗಿ ಮೀನಿನ ಮೇಲೆ ನಾವು ಹಾಕುವ ಒತ್ತಡ ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಕೋಲು ಬಳುಕಿದಷ್ಟೂ, ತುದಿಯ ದಾರ ತೆಳುವಾದಷ್ಟೂ ಆ ಒತ್ತಡ ಇನ್ನೂ ಇಳಿಯುತ್ತದೆ. ಒತ್ತಡ ಇಳಿದರೆ ಸೆಣಸಾಟ ಲಂಬಿಸುತ್ತದೆ. ಮೀನು ತನ್ನ ಸ್ನಾಯುಗಳಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಸುರಿದು ಓಡುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಕೊನೆಗೆ ಮಗ್ಗುಲಾಗಿ ತೇಲುತ್ತದೆ. ನೀರು ಬೆಚ್ಚಗಿದ್ದರೆ ಅದರಲ್ಲಿ ಕರಗಿದ ಆಮ್ಲಜನಕವೂ ಕಡಿಮೆ, ಚೇತರಿಕೆ ಇನ್ನೂ ಕಷ್ಟ. ನೀರಿನ ಬಿಸಿ 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಟ್ರೌಟ್‌ಗೆ ಗಾಳ ಹಾಕಬೇಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

1992ರಲ್ಲಿ ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ವಿಜ್ಞಾನಿಗಳು ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಾಡಿಸಿ ನೋಡಿದರು. ಹಾಗೆ ದಣಿದ ಮೀನುಗಳಲ್ಲಿ ಸತ್ತದ್ದು ಶೇಕಡ 12. ದಣಿದ ಮೇಲೆ 30 ಸೆಕೆಂಡು ಗಾಳಿಗೆ ಒಡ್ಡಿದಾಗ ಶೇಕಡ 38 ಸತ್ತವು. 60 ಸೆಕೆಂಡು ಒಡ್ಡಿದಾಗ ಶೇಕಡ 72. ಇವು ಪ್ರಯೋಗಾಲಯದ ಮೀನುಗಳು, ಹೊಳೆಯಲ್ಲಿ ಅಂಕಿ ಬೇರೆಯಾಗುತ್ತದೆ. ಆದರೂ ದಾರಿ ಯಾವ ಕಡೆಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ನೀರಿಗೆ ಬಿಟ್ಟ ಮೀನು ಬಾಲ ಬಡಿದು ಆಳಕ್ಕೆ ಇಳಿದದ್ದನ್ನು ನೋಡಿ ನಾವು ಮನೆಗೆ ಹೊರಡುತ್ತೇವೆ. ಅದು ಸಾಯುವುದಿದ್ದರೆ ಆಮೇಲೆ, ನಮ್ಮ ಕಣ್ಣ ಮರೆಯಲ್ಲಿ ಸಾಯುತ್ತದೆ. ಫೋಟೋದಲ್ಲಿ ಅದು ಸದಾ ಜೀವಂತ.

ಹೀಗೆ, ಮೀನಿಗೆ ಅವಕಾಶ ಕೊಡುತ್ತೇನೆಂದು ಆರಿಸಿಕೊಂಡ ಹಗುರ ಕೋಲು, ದೊಡ್ಡ ಮೀನಿನ ಮಟ್ಟಿಗೆ, ಬದುಕಿ ಉಳಿಯುವ ಅವಕಾಶವನ್ನೇ ಕಡಿಮೆ ಮಾಡಬಲ್ಲುದು. ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚಿತಲ್ಲ ಎಂದು ಯಾರಾದರೂ ಕೇಳಬಹುದು. ದಾರ ಹರಿದರೆ ಹೆಚ್ಚಿತು, ನಿಜ. ಆದರೆ ಬಾಯಲ್ಲಿ ಕೊಕ್ಕೆ ಹೊತ್ತುಕೊಂಡು ಹೋಗುವ ಬಿಡುಗಡೆ ಅದು.

ಈ ಗೊಂದಲದ ಬೇರು ನ್ಯಾಯ ಎಂಬ ಪದದಲ್ಲೇ ಇದೆ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ ಆಟ ಎಂದರೇನು ಎಂದು ವಿವರಿಸುತ್ತ, ಅಗತ್ಯವಿಲ್ಲದ ಅಡ್ಡಿಗಳನ್ನು ಮನಸಾರೆ ಒಪ್ಪಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟ ಎನ್ನುವ ಅರ್ಥದ ಮಾತು ಹೇಳಿದ. ಹಗುರ ಗಾಳಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ಇಲ್ಲ. ಬಲೆ ಬೀಸಿದರೆ ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟು ನಿಂಬೆಹಣ್ಣಿನ ತೂಕದ ಕೋಲು, ಕೂದಲೆಳೆಯಂಥ ದಾರ, ಗರಿಯ ನೊಣ ಹಿಡಿದು ನಿಲ್ಲುವುದು ಬೇಕೆಂದೇ ಹಾಕಿಕೊಂಡ ಅಡ್ಡಿ. ಆದರೆ ಸೂಟ್ಸ್‌ನ ಮಾತಿನಲ್ಲಿ ಮನಸಾರೆ ಒಪ್ಪಿಕೊಳ್ಳುವುದು ಎಂಬ ಭಾಗ ಮುಖ್ಯ. ಚದುರಂಗದಲ್ಲಿ ಪಳಗಿದ ಅಜ್ಜ ಮೊಮ್ಮಗಳಿಗಾಗಿ ತನ್ನ ಮಂತ್ರಿಯನ್ನು ತೆಗೆದಿಟ್ಟು ಆಡಿದರೆ ಅದು ನ್ಯಾಯ, ಏಕೆಂದರೆ ಮೊಮ್ಮಗಳು ಆಡಲೆಂದೇ ಕೂತಿದ್ದಾಳೆ, ಸೋತರೂ ಎದ್ದು ಊಟಕ್ಕೆ ಹೋಗುತ್ತಾಳೆ. ಮೀನು ಆಡಲು ಬಂದಿಲ್ಲ. ಅದು ಊಟಕ್ಕೆ ಬಂದದ್ದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆ ಹೇಳುವುದು ಇದನ್ನೇ. ಬೆಕ್ಕು ಒಂದು ಕಾಲು ಮಡಚಿಕೊಂಡು ಆಡಿದರೆ ಇಲಿಯ ಸಂಕಟ ಇನ್ನಷ್ಟು ಹೊತ್ತು ಲಂಬಿಸುತ್ತದೆ, ಅಷ್ಟೆ.

ಹಾಗೆಂದು ಹಗುರ ಕೋಲೆಲ್ಲ ಕೆಟ್ಟದ್ದು ಎಂದೇನೂ ಅಲ್ಲ. ಗೇಣುದ್ದದ ಟ್ರೌಟ್‌ಗಳೇ ಇರುವ ಬೆಟ್ಟದ ತೊರೆಯಲ್ಲಿ 3ನೇ ನಂಬರಿನ ಕೋಲು ಸರಿಯಾದ ಆಯ್ಕೆ. ಆ ಮೀನು ಅರ್ಧ ನಿಮಿಷದಲ್ಲಿ ಕೈಗೆ ಬರುತ್ತದೆ, ನೊಣ ಸದ್ದಿಲ್ಲದೆ ನೀರಿಗಿಳಿಯುತ್ತದೆ, ಬಳುಕುವ ತುದಿ ತೆಳು ದಾರವನ್ನು ಹರಿಯದಂತೆ ಕಾಯುತ್ತದೆ. ಜಪಾನಿನ ಟೆಂಕಾರಾ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ರೀಲು ಇಲ್ಲ. ಉದ್ದನೆಯ ಹಗುರ ಕೋಲಿನ ತುದಿಗೇ ದಾರ ಕಟ್ಟಿರುತ್ತದೆ. ಬೆಟ್ಟದ ತೊರೆಗಳಲ್ಲಿ ಮೀನು ಹಿಡಿದು ಊರಿನ ಛತ್ರಗಳಿಗೆ ಮಾರುತ್ತಿದ್ದವರು ಅದನ್ನು ಬೆಳೆಸಿದರು. ಬಂಡೆಯಿಂದ ಬಂಡೆಗೆ ಹಾರುತ್ತ ದಿನವಿಡೀ ದುಡಿಯುವವನಿಗೆ ಹಗುರ ಕೋಲು ಬೇಕು, ಮೀನು ಬೇಗ ಕೈಸೇರಬೇಕು. ಅವನ ಹಗುರ ಅಗತ್ಯದಿಂದ ಹುಟ್ಟಿದ್ದು, ಮೀನಿನ ಮುಂದೆ ತನ್ನ ಕೈಚಳಕ ಮೆರೆಸಲು ಅಲ್ಲ. ಕೋಲು ಎರಡೂ ಕಡೆ ಹಗುರವೇ. ಆರಿಸಿದ ಮನಸ್ಸು ಬೇರೆ.

ಇನ್ನೂ ಹಿಂದೆ ಸರಿದು, ಗಾಳ ಹಾಕುವುದೇ ಸರಿಯೇ ಎಂದು ಕೇಳುವವರಿದ್ದಾರೆ. ಕವಿ ಬೈರನ್ ಇನ್ನೂರು ವರ್ಷಗಳ ಹಿಂದೆ, ಗಾಳಗಾರಿಕೆಯ ಋಷಿ ಎನಿಸಿಕೊಂಡ ಐಸಾಕ್ ವಾಲ್ಟನ್‌ನನ್ನು ಕ್ರೂರಿ ಎಂದು ಹೀಗಳೆದಿದ್ದ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್‌ನ ತಲೆಯಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳಿವೆ ಎಂದು ತೋರಿಸಿದರು. ನೋವನ್ನು ಅನುಭವಿಸಲು ಬೇಕಾದ ಮೆದುಳಿನ ಭಾಗ ಮೀನಿಗಿಲ್ಲ ಎಂದು ಜೇಮ್ಸ್ ರೋಸ್ ಅದರ ಹಿಂದಿನ ವರ್ಷವಷ್ಟೇ ವಾದಿಸಿದ್ದರು. ವಾದ ಇನ್ನೂ ಮುಗಿದಿಲ್ಲ. ಆದರೆ ಕೆಲವು ದೇಶಗಳು ಕಾಯದೆ ಬರೆದಿವೆ. ಸ್ವಿಟ್ಜರ್ಲೆಂಡಿನ 2008ರ ನಿಯಮದಂತೆ ಮತ್ತೆ ಬಿಡುವ ಉದ್ದೇಶದಿಂದಲೇ ಗಾಳ ಹಾಕುವಂತಿಲ್ಲ. ತಿನ್ನುವುದಿದ್ದರೆ ಹಿಡಿ, ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡ ಎನ್ನುವುದು ಅದರ ಹಿಂದಿನ ವಿಚಾರ. ಇಂಗ್ಲಿಷ್ ಬಲ್ಲ ಗಾಳಗಾರರ ಲೋಕದಲ್ಲಿ ಬಿಡುವವನು ಸಜ್ಜನ, ಕೊಲ್ಲುವವನು ಒರಟ. ಸ್ವಿಸ್ ಕಾಯದೆಯಲ್ಲಿ ಇದು ತಲೆಕೆಳಗು.

ಈ ಪ್ರಶ್ನೆ ನಮ್ಮ ಕಾವೇರಿಗೂ ಬಂದಿತ್ತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳಗಾರಿಕೆಯ ಬಗ್ಗೆ ಬರೆದ ಪುಸ್ತಕ ಹೊರಬಂದದ್ದು 1873ರಲ್ಲಿ. ನೂರು ವರ್ಷಗಳ ನಂತರ ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಿಗೆ ದೇಶ ವಿದೇಶದವರು ಮಹಶೀರ್ ಹಿಡಿದು ಬಿಡಲು ಬರುತ್ತಿದ್ದರು. ಅಲ್ಲಿ ಬಳಕೆಯಲ್ಲಿದ್ದದ್ದು ಗರಿಯ ನೊಣಕ್ಕಿಂತ ಹೆಚ್ಚಾಗಿ ರಾಗಿ ಹಿಟ್ಟಿನ ಉಂಡೆ, ಹಗುರ ಕೋಲಲ್ಲ, ದಪ್ಪ ದಾರದ ಬಲವಾದ ಕೋಲು. 50 ಕಿಲೋ ದಾಟಬಲ್ಲ ಮೀನಿನ ಮುಂದೆ, ಆ ಸೆಳವಿನಲ್ಲಿ, ಬೇರೆ ದಾರಿಯೂ ಇರಲಿಲ್ಲ. ಗಾಳಗಾರರ ಹಣದಿಂದ ಕಾವಲುಗಾರರಿಗೆ ಸಂಬಳ ಸಿಗುತ್ತಿತ್ತು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ದೂರ ಉಳಿಯುತ್ತಿದ್ದರು ಎನ್ನುವುದು ಅವರ ವಾದ. ವನ್ಯಧಾಮದೊಳಗೆ ಪ್ರಾಣಿಯನ್ನು ಆಟಕ್ಕೆ ಬಳಸಬಾರದು ಎನ್ನುವುದು ಎದುರು ವಾದ. ಕೊನೆಗೆ ಧಾಮದೊಳಗೆ ಗಾಳ ನಿಂತಿತು. ಆ ಬೆನ್ನುಬ್ಬಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಇಲ್ಲಿ ಎರಡು ಕಡೆಯ ಮಾತಿನಲ್ಲೂ ತೂಕವಿದೆ: ಒಂದು ಮೀನಿಗೆ ಆಗುವ ಹಿಂಸೆ, ಇಡೀ ಕುಲಕ್ಕೆ ಸಿಗುವ ಕಾವಲು. ಆದರೆ ಕಾವಲಿನ ವಾದ ಮಾಡುವವನು ಕನಿಷ್ಠ ಆ ಒಂದು ಮೀನನ್ನು ಬೇಗ ಬಿಡಲು ಕಟ್ಟುಬಿದ್ದಿರುತ್ತಾನೆ. ಇಲ್ಲದಿದ್ದರೆ ಅವನ ವಾದ ಅವನ ಕೈಯಲ್ಲೇ ಸಾಯುತ್ತದೆ.

ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಕೂತವರು ಮೀನುಗಳಿಗೆ ಮಂಡಕ್ಕಿ ಎಸೆಯುತ್ತಾರೆ. ಅಲ್ಲಿ ಮೀನಿಗೆ ಅವಕಾಶ ಕೊಡುವ ಮಾತೇ ಏಳುವುದಿಲ್ಲ, ಏಕೆಂದರೆ ಅದರಿಂದ ಕಸಿದುಕೊಂಡದ್ದು ಏನೂ ಇಲ್ಲ. ಎಲ್ಲರೂ ಹಾಗೆಯೇ ಇರಬೇಕೆಂದು ಕೇಳಲಾಗದು. ನಾಡಿನ ಅರ್ಧ ಜನ ಮೀನು ತಿನ್ನುತ್ತಾರೆ, ತೇಜಸ್ವಿಯವರಂಥವರು ಗಾಳದ ದಂಡೆಯಲ್ಲಿ ಕೂತೇ ಕಾಡನ್ನೂ ನೀರನ್ನೂ ಓದಿದರು. ಗಾಳ ಹಿಡಿದವನಷ್ಟು ತಾಳ್ಮೆಯಿಂದ ಹೊಳೆಯನ್ನು ನೋಡುವವರು ಕಡಿಮೆ ಎನ್ನುವುದೂ ಸತ್ಯ.

ಹಾಗಾದರೆ ಕೋಲನ್ನು ಆರಿಸುವುದು ಹೇಗೆ? ಹೊಳೆಯಲ್ಲಿ ಸಿಗಬಹುದಾದ ಅತಿ ದೊಡ್ಡ ಮೀನನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು, ಸಿಗುವ ಸರಾಸರಿ ಮೀನನ್ನಲ್ಲ. 4ಕ್ಕೂ 5ಕ್ಕೂ ನಡುವೆ ಅನುಮಾನ ಬಂದರೆ 5 ಕೊಳ್ಳುವುದು ಒಳ್ಳೆಯದು. ತೋಳಿಗೆ ಹಗುರ ಬೇಕಿದ್ದರೆ ಹಗುರವಾದ ಸಾಮಗ್ರಿಗೆ ಹಣ ಕೊಡಿ, ಬಲ ಕಡಿಮೆಯಾದ ಕೋಲಿಗಲ್ಲ. ನೊಣವನ್ನು ನೋಡಿ ಮೀನು ಹೆದರದಷ್ಟು ತೆಳುವಾಗಿರಲಿ ದಾರ, ಅದಕ್ಕಿಂತ ತೆಳುವಾಗುವುದು ಬೇಡ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ಫೋಟೋ ಬೇಕಿದ್ದರೆ ಮೀನು ನೀರಿನಲ್ಲೇ ಇರಲಿ. ನೀರು ಬೆಚ್ಚಗಿದ್ದ ದಿನ ಕೋಲನ್ನು ಗೋಡೆಗೆ ಒರಗಿಸಿಡಿ. ಇವು ಸಣ್ಣ ಮಾತುಗಳು. ಇವುಗಳಿಂದ ಆಟಕ್ಕೆ ಪಾವಿತ್ರ್ಯ ಬರುವುದಿಲ್ಲ, ಮೀನಿಗೆ ಆಗುವ ಹಾನಿ ಸ್ವಲ್ಪ ತಗ್ಗುತ್ತದೆ.

ಬಳುಕುವ ಕೋಲಿನ ಮೂಲಕ ಕೈಗೆ ಬರುವ ಆ ಮಿಡಿತದಲ್ಲಿ ದೊಡ್ಡ ಸುಖವಿದೆ. ಅದು ನನ್ನ ಸುಖ ಎಂದು ಹೇಳಿಕೊಳ್ಳುವವನ ಜೊತೆ ಮಾತು ಮುಂದುವರಿಸಬಹುದು, ಎಷ್ಟು ಸುಖಕ್ಕೆ ಎಷ್ಟು ಹಿಂಸೆ ಎಂದು ಚೌಕಾಸಿಯನ್ನೂ ಮಾಡಬಹುದು. ಅದನ್ನೇ ಮೀನಿಗೆ ಮಾಡಿದ ನ್ಯಾಯ ಎಂದು ಕರೆಯುವವನ ಜೊತೆ ಮಾತು ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಅವನ ಲೆಕ್ಕದಲ್ಲಿ ಹಿಂಸೆ ಎಂಬ ಕಲಮೇ ಇಲ್ಲ. ಕೋಲು ಕೊಳ್ಳುವ ಮೊದಲು ಈ ಎರಡರಲ್ಲಿ ತಾನು ಯಾರು ಎಂದು ಕೇಳಿಕೊಂಡರೆ, ಎಷ್ಟು ನಂಬರಿನದು ಬೇಕು ಎಂಬ ಪ್ರಶ್ನೆಗೂ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ.