ಯಾರೂ ಅಳೆಯದ ಕ್ರಾಸ್

ಶಿಗ್ಲಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾನು ಬೋರ್ಡಿನ ಮೇಲೆ ಮೂರು ಊರು ಬರೆಯುತ್ತೇನೆ. ಶಿಗ್ಲಿಯಿಂದ ದೊಡ್ಡೂರಿಗೆ 8, ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ 10, ದೊಡ್ಡೂರಿನಿಂದ ಲಕ್ಷ್ಮೇಶ್ವರಕ್ಕೆ 12 ಎಂದಿಟ್ಟುಕೊಳ್ಳಿ. ಇವು ಪಾಠಕ್ಕೆ ಹಿಡಿದ ಅಂಕಿಗಳು, ಮೈಲಿಗಲ್ಲಿನವಲ್ಲ. ಪ್ರತಿ ಜೋಡಿಗೂ ಬೇರೆ ರಸ್ತೆ ಹಾಕಿದರೆ ಒಟ್ಟು 30. ನಡುವೆ ಒಂದು ಕ್ರಾಸ್ ಮಾಡಿ, ಅಲ್ಲಿಂದ ಶಿಗ್ಲಿಗೆ 3, ದೊಡ್ಡೂರಿಗೆ 5, ಲಕ್ಷ್ಮೇಶ್ವರಕ್ಕೆ 7 ಹಾಕಿದರೆ 15 ಸಾಕು. ಊರೂರಿನ ಅಂತರ ಒಂದಿಷ್ಟೂ ಬದಲಾಗುವುದಿಲ್ಲ, ರಸ್ತೆ ಮಾತ್ರ ಅರ್ಧಕ್ಕಿಳಿಯುತ್ತದೆ.

ಆ ಕ್ರಾಸನ್ನು ಯಾರೂ ಅಳೆದಿರಲಿಲ್ಲ. ಹಾಗಾದರೆ ಅದು ನಿಜವಾಗಿ ಇದೆಯೇ?

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಅಂದಮೇಲೆ ರಾತ್ರಿ ಉಣ್ಣುತ್ತಾನೆ ಎನ್ನುತ್ತಾರೆ ಮೀಮಾಂಸಕರು. ಇದಕ್ಕೆ ಅವರಿಟ್ಟ ಹೆಸರು ಅರ್ಥಾಪತ್ತಿ. ಕ್ರಾಸ್ ಕೂಡ ಇಂಥದ್ದೇ ಎಂದು ಮೊದಲಿಗೆ ತೋರುತ್ತದೆ. ಆದರೆ ರಾತ್ರಿಯೂಟವನ್ನು ಬಿಟ್ಟರೆ ದೇವದತ್ತನ ಮೈಗೆ ವಿವರಣೆಯೇ ಇಲ್ಲ; ಕ್ರಾಸನ್ನು ಬಿಟ್ಟರೂ ಮೂರು ರಸ್ತೆಗಳು ಮೂರು ಅಂತರವನ್ನು ಸರಿಯಾಗಿಯೇ ಹೇಳುತ್ತವೆ. ಕ್ರಾಸನ್ನು ಬೇಡಿದ್ದು ಕಡಿಮೆಯಲ್ಲಿ ಮುಗಿಯಲಿ ಎಂಬ ನಮ್ಮ ಬಯಕೆ. ನ್ಯಾಯಶಾಸ್ತ್ರದಲ್ಲಿ ಅದು ಲಾಘವ, ತರ್ಕದ ಒಂದು ಬಗೆ. ತರ್ಕ ಪ್ರಮಾಣಕ್ಕೆ, ಅಂದರೆ ನಿಜವಾದ ಅರಿವಿನ ಸಾಧನಕ್ಕೆ, ನೆರವು ಕೊಡುತ್ತದೆ, ತಾನೇ ಪ್ರಮಾಣವಾಗದು ಎಂದ ನೈಯಾಯಿಕರ ಎಚ್ಚರವನ್ನು ನಾನು ತುಂಬ ಗೌರವಿಸುತ್ತೇನೆ.

1960ರ ದಶಕದಲ್ಲಿ ಹಕೀಮಿ ಮತ್ತು ಯೌ ಎಂಬ ಇಬ್ಬರು ಈ ಲೆಕ್ಕವನ್ನು ಎಷ್ಟು ಬಿಂದುಗಳಿಗಾದರೂ ಹಿಗ್ಗಿಸಿ ನೋಡಿದರು. ಅಂತರಗಳು ಮರದಂತೆ ಕವಲೊಡೆದ ಜಾಲಕ್ಕೆ ಹೊಂದಿದರೆ, ಅತಿ ಕಡಿಮೆ ಉದ್ದದ ಜಾಲ ಆ ಮರವೇ, ಇನ್ನೊಂದಿಲ್ಲ. ಹೊಂದದಿದ್ದರೂ ಅತಿ ಕಡಿಮೆ ಉದ್ದದ ಜಾಲ ಇದ್ದೇ ಇರುತ್ತದೆ. ಆದರೆ ಒಂದೇ ಇರಬೇಕೆಂದಿಲ್ಲ. ಅಂತರಗಳು ಅವೇ, ಉದ್ದವೂ ಅಷ್ಟೇ, ಕ್ರಾಸುಗಳು ಮಾತ್ರ ಬೇರೆ ಬೇರೆ ಕಡೆ! ಇಲ್ಲಿ ಲಾಘವವೂ ಕೈಬಿಡುತ್ತದೆ.

ಲೋಕಕ್ಕೆ ಹಲವು ಕರ್ತರನ್ನು ಊಹಿಸುವುದಕ್ಕಿಂತ ಒಬ್ಬನನ್ನು ಒಪ್ಪುವುದು ಹಗುರ, ಆದ್ದರಿಂದ ದೇವರೊಬ್ಬನೇ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿ. ನಾನು ನಾಸ್ತಿಕನಲ್ಲ. ಲಕ್ಷ್ಮೇಶ್ವರಕ್ಕೆ ಹೋದಾಗ ಸೋಮೇಶ್ವರನ ಗುಡಿಗೆ ಹೋಗದೆ ಬರುವುದಿಲ್ಲ. ಅದೇ ಊರಿನಲ್ಲಿ ಶಂಖ ಬಸದಿಯೂ ಇದೆ. ಸೃಷ್ಟಿಕರ್ತ ಒಬ್ಬನೂ ಬೇಡ ಎಂದ ಜೈನರು ಇದೇ ಲೋಕವನ್ನು ಬಿಡಿಸಿ ಹೇಳಿದ್ದಾರೆ. ಬರೀ ಹಗುರವನ್ನೇ ನೋಡುವುದಾದರೆ ಅವರ ಲೆಕ್ಕ ಇನ್ನೂ ಹಗುರ. ಸೋಮೇಶ್ವರನಿಗೆ ನಾನು ಕೈಮುಗಿಯುವುದು ಅವ್ವ ಕಲಿಸಿದ್ದರಿಂದ, ಮುಗಿದಾಗ ಮನಸ್ಸು ನಿಲ್ಲುವುದರಿಂದ.