ವೀರತ್ವದ ನೆಲೆ

ವೀರನೆಂಬ ಮಾತು ಕಿವಿಗೆ ಬಿದ್ದೊಡನೆ ಜನರ ಮನಸ್ಸು ರಣರಂಗದತ್ತ ಹರಿಯುತ್ತದೆ. ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವುದು ಈ ನಾಡಿನ ಹಳೆಯ ಪದ್ಧತಿ. ಅದು ತಪ್ಪೂ ಅಲ್ಲ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಪದಕ್ಕೆ ಬೇರೊಂದು ನೆಲೆಯೂ ದೊರೆಯಿತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಮೊದಲಾದ ಶರಣರು ತಮ್ಮ ತಮ್ಮ ಕಾಯಕದಲ್ಲಿಯೇ ನಿಂತು ದೊಡ್ಡವರಾದರು.

ಈ ನೆಲೆಯನ್ನು ಅರಿಯಲು ಆಯ್ದಕ್ಕಿ ದಂಪತಿಗಳ ಪ್ರಸಂಗವೊಂದೇ ಸಾಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳೆಂದು ಶರಣಚರಿತೆಗಳು ತಿಳಿಸುತ್ತವೆ. ಮನೆಯಲ್ಲಿ ಬಡತನವಿತ್ತು. ಜಂಗಮದಾಸೋಹಕ್ಕೆ ಬೇಕೆಂಬ ನೆವವೂ ಕೈಯಲ್ಲಿತ್ತು. ಹಾಗೆಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕಳ್ಳನ ವೇಷದಲ್ಲಿ ಬಂದ ಆಸೆಯನ್ನು ಓಡಿಸುವುದು ಸುಲಭ, ಸೇವೆಯ ವೇಷದಲ್ಲಿ ಬಂದುದನ್ನು ಗುರುತಿಸುವುದೇ ಕಷ್ಟ. ಗುರುತಿಸಿದ ಮೇಲೆ ಅದನ್ನು ಪತಿಯ ಮುಖಕ್ಕೆ ಹೇಳುವ ಎದೆಗಾರಿಕೆಯೂ ಬೇಕಲ್ಲವೆ?

ಇದು ಶರಣರ ಕಾಲದ ಮಾತು, ಇಂದಿನ ಸಂಸಾರಿಗಳಿಗೆ ಸಲ್ಲದು ಎನ್ನುವವರುಂಟು. ಅಂಥವರು ಫ. ಗು. ಹಳಕಟ್ಟಿಯವರ (1880–1964) ಬಾಳನ್ನು ನೋಡಬೇಕು. ಧಾರವಾಡದಲ್ಲಿ ಜನಿಸಿದ ಅವರು ಇಂದಿನ ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಗೃಹಸ್ಥರು. ಮನೆಮಠಗಳಲ್ಲಿ ಪೂಜೆಯನ್ನಷ್ಟೇ ಕಾಣುತ್ತಿದ್ದ ತಾಡವೋಲೆಗಳನ್ನು ಅರಸಿ ಊರೂರು ತಿರುಗಿದರು. ಓದಿದರು, ನಕಲು ಮಾಡಿದರು, ತಿದ್ದಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಿದ್ದಿತು. ವಾಸದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆ ಆರಂಭವಾಯಿತು.

ಅವರ ಹರಿದ ಕೋಟಿನ ಸಂಗತಿಯನ್ನು ಜನರು ಅಭಿಮಾನದಿಂದ ಹೇಳುತ್ತಾರೆ. ಕೋಟು ಹರಿದಿರುವುದರಲ್ಲಿ ವೀರತ್ವವೇನೂ ಇಲ್ಲ. ಬಡತನವು ಯಾರಿಗೂ ಒಡವೆಯಲ್ಲ. ಮನೆಯನ್ನು ಉಳಿಸಿಕೊಂಡು ಅಷ್ಟಿಷ್ಟು ವಂತಿಗೆ ಕೊಟ್ಟಿದ್ದರೂ ಸಮಾಜವು ಅವರನ್ನು ದಾನಿಯೆಂದು ಕೊಂಡಾಡುತ್ತಿತ್ತು. ಆ ಸುಲಭದ ಕೀರ್ತಿಯಲ್ಲಿ ಅವರು ತೃಪ್ತರಾಗಲಿಲ್ಲ. ಓಲೆಗಳು ಹುಳುವಿನ ಪಾಲಾಗುವ ಮೊದಲು ಅಚ್ಚಾಗಬೇಕಿತ್ತು, ಆ ಕೆಲಸಕ್ಕೆ ಬೇರೊಬ್ಬರು ಬರಲೆಂದು ಕಾಯುವ ಕಾಲ ಅದಾಗಿರಲಿಲ್ಲ.

ಇಲ್ಲಿ ಗೃಹಸ್ಥನನ್ನು ಕಾಡುವ ಪ್ರಶ್ನೆಯೊಂದಿದೆ. ಮನೆ ಮಾರುವ ನಿರ್ಧಾರ ಒಬ್ಬರದಾಗಬಹುದು. ಮನೆಯಿಲ್ಲದ ಬಾಳು ಮಾತ್ರ ಎಲ್ಲರದು. ತನ್ನದನ್ನು ಕೊಡುವವನು ಹೆಂಡಿರು ಮಕ್ಕಳ ಪಾಲನ್ನೂ ಕೊಡುತ್ತಿರುತ್ತಾನೆ. ಅವರ ಒಪ್ಪಿಗೆಯಿಲ್ಲದ ತ್ಯಾಗವು ಹೊರಗೆ ಎಷ್ಟೇ ಹೊಳೆದರೂ ಒಳಗೆ ಬಲಾತ್ಕಾರವೇ ಸರಿ. ಮಾರಯ್ಯನ ಮನೆಯಲ್ಲಿ ಈ ತೊಡಕು ಹುಟ್ಟಲಿಲ್ಲ, ಏಕೆಂದರೆ ಬೇಡವೆಂದವಳು ಅಡಿಗೆ ಮಾಡಬೇಕಾದ ಲಕ್ಕಮ್ಮನೇ. ಆಕೆಯ ಹೆಸರು ಪತಿಯ ಹೆಸರಿಗೆ ಸಮನಾಗಿ ಉಳಿದಿದೆ. ಹಿತಚಿಂತಕ ಮುದ್ರಣಾಲಯದ ಕಥೆಯನ್ನು ಹೇಳುವವರು ಅಚ್ಚಿನ ಮೊಳೆಗಳ ಲೆಕ್ಕದೊಡನೆ ಆ ಮನೆಯ ಒಲೆಯ ಲೆಕ್ಕವನ್ನೂ ಹೇಳುವುದು ನ್ಯಾಯ.